ವೊಯ್ತೆಖ್ ಎಂಬ ಹೆಸರನ್ನು ಪಾವನಗೊಳಿಸಿದ ಸಂತ

ಚೆಕ್ ನಾಡಿನಲ್ಲಿ ವೊಯ್ತೆಖ್, ಪೋಲೆಂಡಿನಲ್ಲಿ ವೊಯ್ಚೆಖ್ ಎಂಬ ಹೆಸರನ್ನು ಇಂದಿಗೂ ಗಂಡುಮಕ್ಕಳಿಗೆ ಇಡುತ್ತಾರೆ. ಹಳೆಯ ಸ್ಲಾವ್ ಭಾಷೆಯ ಎರಡು ಪದಗಳು ಸೇರಿ ಆದ ಹೆಸರಿದು. ಮೊದಲನೆಯದಕ್ಕೆ ಯೋಧ ಅಥವಾ ಸೈನ್ಯವೆಂದೂ, ಎರಡನೆಯದಕ್ಕೆ ಸಂತೋಷ, ಸಾಂತ್ವನವೆಂದೂ ಅರ್ಥ. ಯುದ್ಧದ ನೆನಪಿರುವ ಈ ಹೆಸರನ್ನು ಸಂತರ ಸಾಲಿಗೆ ತಂದವರು ಆಯುಧ ಹಿಡಿಯದ ಒಬ್ಬ ಧರ್ಮಾಧ್ಯಕ್ಷರು. ಅವರೇ ಪ್ರಾಗ್‌ನ ಸಂತ ಅದಾಲ್ಬರ್ಟ್.

ಸುಮಾರು 956ರಲ್ಲಿ ಬೊಹೇಮಿಯದ ಲಿಬಿತ್ಸೆಯಲ್ಲಿ, ಪ್ರಬಲವಾದ ಸ್ಲಾವ್ನಿಕ್ ಮನೆತನದಲ್ಲಿ ವೊಯ್ತೆಖ್ ಜನಿಸಿದರು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ವಿದ್ಯಾಭ್ಯಾಸ ಮಾಡಿದರು. ಅಲ್ಲಿನ ಮಹಾಧರ್ಮಾಧ್ಯಕ್ಷ ಅದಾಲ್ಬರ್ಟರು ದೃಢೀಕರಣ ಸಂಸ್ಕಾರದಲ್ಲಿ ಅವರಿಗೆ ತಮ್ಮ ಹೆಸರನ್ನೇ ನೀಡಿದರು. ಆದರೆ ಸ್ವಂತ ಜನರಿಗೆ ಅವರು ವೊಯ್ತೆಖ್ ಆಗಿಯೇ ಉಳಿದರು.

983ರಲ್ಲಿ ಅವರು ಪ್ರಾಗ್‌ನ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಕ್ರೈಸ್ತರನ್ನು ಗುಲಾಮರಾಗಿ ಮಾರುವುದನ್ನೂ ಬಹುಪತ್ನಿತ್ವವನ್ನೂ ಕಟುವಾಗಿ ವಿರೋಧಿಸಿದರು. ಜನರು ಕಿವಿಗೊಡಲಿಲ್ಲ. ಮನನೊಂದ ಅವರು ರೋಮ್‌ಗೆ ತೆರಳಿ, ಅವೆಂಟೀನ್ ಗುಡ್ಡದ ಮಠದಲ್ಲಿ ಸನ್ಯಾಸಿಯಾದರು. ಮತ್ತೆ ಕರೆ ಬಂದಾಗ ಮರಳಿ, 993ರಲ್ಲಿ ಬ್ರೆವ್ನೊವ್ ಮಠವನ್ನು ಸ್ಥಾಪಿಸಿದರು. ವ್ಯಭಿಚಾರದ ಆರೋಪ ಹೊತ್ತ ಮಹಿಳೆಯೊಬ್ಬಳಿಗೆ ದೇವಾಲಯದಲ್ಲಿ ಆಶ್ರಯ ಕೊಟ್ಟಾಗ, ವಿರೋಧಿಗಳು ಆಕೆಯನ್ನು ಹೊರಗೆಳೆದು ಕೊಂದರು. ಅವರು ಪುನಃ ಪ್ರಾಗ್ ಬಿಟ್ಟರು. 995ರಲ್ಲಿ ಲಿಬಿತ್ಸೆಯ ಮೇಲೆ ದಾಳಿ ನಡೆದು ಅವರ ಸಹೋದರರು ಹತರಾದರು.

ಯೋಧರ ಮನೆತನದ ಮಗ ಸೇಡಿಗೆ ಹೊರಡಲಿಲ್ಲ. ಪೋಲೆಂಡಿನ ಅರಸ ಬೊಲೆಸ್ಲಾವ್‌ನ ನೆರವಿನಿಂದ, ಬಾಲ್ಟಿಕ್ ಕಡಲತೀರದ ಪ್ರಷ್ಯನ್ ಜನರಿಗೆ ಶುಭಸಂದೇಶ ಸಾರಲು ಹೊರಟರು. ಜೊತೆಗಿದ್ದವರು ತಮ್ಮ ರಾದಿಮ್ ಮತ್ತು ಇನ್ನೊಬ್ಬ ಗುರು ಮಾತ್ರ. 997ರ ಏಪ್ರಿಲ್ 23ರಂದು ಅಲ್ಲಿಯೇ ರಕ್ತಸಾಕ್ಷಿಯಾದರು. ಅವರ ಮೃತದೇಹದ ತೂಕದಷ್ಟು ಚಿನ್ನ ಕೊಟ್ಟು ಬೊಲೆಸ್ಲಾವ್ ಅದನ್ನು ಬಿಡಿಸಿಕೊಂಡನೆಂಬುದು ಪರಂಪರೆ.

ಎರಡೇ ವರ್ಷಗಳಲ್ಲಿ, 999ರಲ್ಲಿ, ಅವರನ್ನು ಸಂತರೆಂದು ಘೋಷಿಸಲಾಯಿತು. 1000ದಲ್ಲಿ ಚಕ್ರವರ್ತಿ ಮೂರನೇ ಒಟ್ಟೊ ಗ್ನಿಯೆಜ್ನೊ ನಗರದ ಅವರ ಸಮಾಧಿಗೆ ಯಾತ್ರೆ ಬಂದನು. ಅಲ್ಲಿ ಮಹಾಧರ್ಮಪ್ರಾಂತ್ಯ ಸ್ಥಾಪನೆಯಾಗಿ, ರಾದಿಮ್ ಮೊದಲ ಮಹಾಧರ್ಮಾಧ್ಯಕ್ಷರಾದರು. ಅಲ್ಲಿನ ಪ್ರಧಾನಾಲಯದ 12ನೇ ಶತಮಾನದ ಕಂಚಿನ ಬಾಗಿಲುಗಳಲ್ಲಿ ಸಂತರ ಜೀವನದ 18 ದೃಶ್ಯಗಳಿವೆ. ಗುಲಾಮರ ಬಿಡುಗಡೆಗಾಗಿ ಅವರು ಅರಸನನ್ನು ಬೇಡುವ ದೃಶ್ಯವೂ ಅವುಗಳಲ್ಲೊಂದು. 1997ರಲ್ಲಿ ಸಹಸ್ರಮಾನದ ಸ್ಮರಣೆಗೆ ಪೋಪ್ ಎರಡನೇ ಜಾನ್ ಪೌಲರು ಗ್ನಿಯೆಜ್ನೊಗೆ ಭೇಟಿ ನೀಡಿದರು.

ಧರ್ಮಾಧ್ಯಕ್ಷರಾಗಿ ಅವರು ಕಂಡ ಫಲ ಕಡಿಮೆ. ಆದರೂ ತಂದೆತಾಯಿ ಇಟ್ಟ ಹೆಸರಿಗೆ ಹೊಸ ಅರ್ಥ ಬಂದದ್ದು ಅವರ ಬಾಳಿನಿಂದಲೇ. ದೀಕ್ಷಾಸ್ನಾನದಲ್ಲಿ ಮಕ್ಕಳಿಗೆ ಹೆಸರನ್ನು ಆರಿಸುವಾಗ, ಆ ಹೆಸರಿನ ಸಂತರ ಜೀವನವನ್ನೂ ಅವರಿಗೆ ಹೇಳಿಕೊಡೋಣ.