ಪೋಸ್ಟರ್ ಚಿತ್ರಕಾರ ಅಲ್ಫೋನ್ಸ್ ಮುಖಾ

ಸಹಪಾಠಿಗಳೇ, ನಮ್ಮ ಗೋಡೆ ಪತ್ರಿಕೆಯಲ್ಲಿ ಯಾವಾಗಲೂ ವಿಜ್ಞಾನಿಗಳು, ಕವಿಗಳು, ದೇಶಕ್ಕಾಗಿ ಹೋರಾಡಿದವರ ಬಗ್ಗೆ ಬರೆಯುತ್ತೇವೆ. ಈ ಸಲ ನಾನು ಒಬ್ಬ ಚಿತ್ರಕಾರರ ಜೀವನ ಚರಿತ್ರೆ ಬರೆದಿದ್ದೇನೆ. ಅವರ ಹೆಸರು ಅಲ್ಫೋನ್ಸ್ ಮುಖಾ. ಹೆಸರು ಓದಿ ನಗಬೇಡಿ, ಅದಕ್ಕೂ ನಮ್ಮ ಕಣ್ಣು ಮೂಗಿನ ಮುಖಕ್ಕೂ ಸಂಬಂಧ ಇಲ್ಲ.

ಜನನ ಮತ್ತು ಬಾಲ್ಯ

ಮುಖಾ ಅವರು 1860ನೇ ಇಸವಿ ಜುಲೈ 24ರಂದು ಯುರೋಪಿನ ಮೊರಾವಿಯಾ ಸೀಮೆಯ ಇವಾಂಚಿತ್ಸೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಈಗ ಆ ಊರು ಜೆಕ್ ಗಣರಾಜ್ಯದಲ್ಲಿದೆ. ಅವರ ತಂದೆ ಕೋರ್ಟಿನಲ್ಲಿ ಸಣ್ಣ ನೌಕರರು. ಮುಖಾ ಅವರ ಕಂಠ ಚೆನ್ನಾಗಿತ್ತು. ಅದಕ್ಕೇ ಬ್ರ್ನೋ ಪಟ್ಟಣದ ದೊಡ್ಡ ಚರ್ಚಿನಲ್ಲಿ ಹಾಡುವ ಹುಡುಗರ ಜೊತೆ ಸೇರಿ ಅಲ್ಲೇ ಓದಿದರು. ಬಾಯಿ ಹಾಡಿದರೂ ಕೈಗೆ ಚಿತ್ರದ್ದೇ ಹುಚ್ಚು. ದೊಡ್ಡವರಾಗಿ ಗಂಟಲು ಒಡೆದ ಮೇಲೆ ಊರಿಗೆ ವಾಪಸ್ ಬಂದು ಕೋರ್ಟಿನಲ್ಲಿ ಗುಮಾಸ್ತರಾದರು.

ಸೀಟು ಸಿಗಲಿಲ್ಲ

1878ರಲ್ಲಿ ಪ್ರಾಗ್ ನಗರದ ಲಲಿತಕಲಾ ಅಕಾಡೆಮಿಗೆ ಅರ್ಜಿ ಹಾಕಿದರು. ಸೀಟು ಸಿಗ್ಲಿಲ್ಲ. ನಿನಗೆ ಇದು ಬೇಡ, ಬೇರೆ ಉದ್ಯೋಗ ನೋಡಿಕೋ ಎಂದು ಬುದ್ಧಿ ಹೇಳಿದರಂತೆ.

ಇದನ್ನು ಓದಿದಾಗ ನನಗೆ ನಮ್ಮ ಅಕ್ಕನ ನೆನಪಾಯಿತು. ಹೋದ ವರ್ಷ ಅವಳೂ ಒಂದು ಚಿತ್ರಕಲಾ ಶಾಲೆಗೆ ಅರ್ಜಿ ಹಾಕಿದ್ದಳು. ಅಂಥ ಶಾಲೆಗೆ ಸೇರಬೇಕಾದರೆ ಅಂಕಪಟ್ಟಿ ಒಂದೇ ಸಾಲದು, ನಾವು ಬರೆದ ಚಿತ್ರಗಳ ಫೈಲನ್ನೂ ತೋರಿಸಬೇಕು. ಅಕ್ಕನಿಗೆ ಸೀಟು ಸಿಗಲಿಲ್ಲ. ಬಸ್ಸಿಳಿದು ಬಂದವಳೇ ಫೈಲನ್ನು ಅಟ್ಟದ ಮೇಲೆ ಎಸೆದಳು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅವ್ವ ಹೊಲಿಗೆ ಕಲಿ ಅಂದಳು. ಈ ವರ್ಷ ಇನ್ನೊಂದೇ ಸಲ ಅರ್ಜಿ ಹಾಕು, ಆಮೇಲೆ ಕೇಳಬೇಡ ಎಂದು ಅಪ್ಪ ಹೇಳಿದ್ದಾರೆ.

ಕಷ್ಟದ ದಿನಗಳು

ಮುಖಾ ಸುಮ್ಮನೆ ಕೂರಲಿಲ್ಲ. ವಿಯೆನ್ನಾ ನಗರಕ್ಕೆ ಹೋಗಿ ನಾಟಕದ ಪರದೆ ಬರೆಯುವ ಕಂಪನಿಗೆ ಸೇರಿದರು. ನಮ್ಮ ಜಾತ್ರೆ ನಾಟಕದಲ್ಲಿ ಅರಮನೆ ಪರದೆ, ಕಾಡಿನ ಪರದೆ ಬಿಡುತ್ತಾರಲ್ಲ, ಅಂಥದ್ದು. 1881ರ ಡಿಸೆಂಬರ್‌ನಲ್ಲಿ ಅಲ್ಲಿಯ ರಿಂಗ್ ಥಿಯೇಟರ್ ಎಂಬ ನಾಟಕಶಾಲೆಗೆ ಬೆಂಕಿ ಬಿದ್ದು ನೂರಾರು ಜನ ಸತ್ತರು. ಮುಖಾ ಇದ್ದ ಕಂಪನಿಗೆ ಆ ನಾಟಕಶಾಲೆಯೇ ದೊಡ್ಡ ಗಿರಾಕಿ. ಹಾಗಾಗಿ ಇವರ ಕೆಲಸ ಹೋಯ್ತು.

ಆಗ ಅವರು ರೈಲು ಹತ್ತಿದರು. ಕೈಯಲ್ಲಿದ್ದ ದುಡ್ಡಿಗೆ ಎಷ್ಟು ದೂರದ ಟಿಕೆಟ್ ಬರುತ್ತದೋ ಅಷ್ಟು ದೂರ ಹೋಗಿ ಮಿಕುಲೋವ್ ಎಂಬ ಊರಲ್ಲಿ ಇಳಿದರು. ಅಲ್ಲಿ ಜನರ ಮುಖ ನೋಡಿ ಚಿತ್ರ ಬರೆದುಕೊಟ್ಟು ಹೊಟ್ಟೆ ಹೊರೆದರು. ಆ ಸೀಮೆಯ ಖೂಯೆನ್ ಎಂಬ ಜಮೀನ್ದಾರರು ತಮ್ಮ ಬಂಗಲೆಯ ಗೋಡೆಗೆ ಇವರಿಂದ ಚಿತ್ರ ಬರೆಸಿದರು. ಕೆಲಸ ಮೆಚ್ಚಿ ಮುಂದೆ ಓದಲು ಸಹಾಯ ಮಾಡಿದರು. ಹೀಗೆ ಮುಖಾ ಮೊದಲು ಮ್ಯೂನಿಕ್‌ಗೆ, 1887ರಲ್ಲಿ ಪ್ಯಾರಿಸ್‌ಗೆ ಹೋದರು. ಎರಡು ವರ್ಷಕ್ಕೆ ಆ ಹಣವೂ ನಿಂತುಹೋಯಿತು. ಪುಸ್ತಕಗಳಿಗೆ, ಪತ್ರಿಕೆಗಳಿಗೆ ಚಿತ್ರ ಬರೆದು ಜೀವನ ಮಾಡಿದರು.

ಒಂದು ಪೋಸ್ಟರ್

1894ರ ಡಿಸೆಂಬರ್ ಕೊನೆ. ಸಾರಾ ಬರ್ನ್‌ಹಾರ್ಟ್ ಎಂಬ ಬಹಳ ಪ್ರಸಿದ್ಧ ನಟಿಗೆ ಗಿಸ್ಮೊಂಡಾ ಎಂಬ ನಾಟಕದ ಪೋಸ್ಟರ್ ಅರ್ಜೆಂಟಾಗಿ ಬೇಕಾಗಿತ್ತು. ಹಬ್ಬದ ರಜೆ, ಮುದ್ರಣಾಲಯದಲ್ಲಿ ಬೇರೆ ಚಿತ್ರಕಾರರು ಯಾರೂ ಸಿಗ್ಲಿಲ್ಲ. ಅಲ್ಲಿ ಇದ್ದ ಮುಖಾ ಅವರಿಗೇ ಕೆಲಸ ಬಂತು. ಅವರು ಎರಡು ಮೀಟರಿಗಿಂತ ಎತ್ತರದ, ಒಂದು ಮೀಟರೂ ಅಗಲವಿಲ್ಲದ ಪೋಸ್ಟರ್ ಬರೆದರು. ನಟಿ ನೆಟ್ಟಗೆ ನಿಂತಿದ್ದಾಳೆ. ತಲೆಯಲ್ಲಿ ಹೂ, ಕೈಯಲ್ಲಿ ತಾಳೆಗರಿ. ನಮ್ಮ ದೇವರಿಗೆ ಪ್ರಭಾವಳಿ ಇರುವ ಹಾಗೆ ತಲೆಯ ಹಿಂದೆ ಕಮಾನು.

ಇಂಥ ಪೋಸ್ಟರ್‌ಗಳನ್ನು ಕಲ್ಲಚ್ಚಿನಲ್ಲಿ ಮಾಡುತ್ತಿದ್ದರು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ನೀರು ಸವರುತ್ತಾರೆ. ಶಾಯಿ ಜಿಡ್ಡಿಗೆ ಮಾತ್ರ ಅಂಟುತ್ತದೆ, ನೀರಿಗೆ ಅಂಟುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಅಚ್ಚು. ನಮ್ಮ ದೇಶದ ರವಿವರ್ಮರ ದೇವರ ಪಟಗಳೂ ಹೀಗೇ ಕಲ್ಲಚ್ಚಿನಿಂದ ಮನೆ ಮನೆಗೆ ಬಂದವು.

1895ರ ಜನವರಿ 1ರಂದು ಪ್ಯಾರಿಸ್ಸಿನ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸಿದರು. ಜನ ನಿಂತು ನಿಂತು ನೋಡಿದರು. ಕೆಲವರು ರಾತ್ರಿ ಬಂದು ಬ್ಲೇಡಿನಿಂದ ಕತ್ತರಿಸಿ ಮನೆಗೆ ಒಯ್ಯುತ್ತಿದ್ದರಂತೆ. ಆ ನಟಿ 6 ವರ್ಷದ ಕರಾರು ಮಾಡಿಕೊಂಡಳು. ಆಮೇಲೆ ಮುಖಾ ಅವರು ಕ್ಯಾಲೆಂಡರ್, ಬಿಸ್ಕತ್ತು ಡಬ್ಬಿ, ಒಡವೆ ಎಲ್ಲಕ್ಕೂ ವಿನ್ಯಾಸ ಮಾಡಿದರು. 1902ರಲ್ಲಿ ಕಲಿಯುವವರಿಗಾಗಿ ವಿನ್ಯಾಸಗಳ ಪುಸ್ತಕವನ್ನೂ ಹೊರತಂದರು.

ನನಗೆ ತಿಳಿದದ್ದು

ಜನ ಇದನ್ನು ಅದೃಷ್ಟ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪರದೆ ಬರೆದು ದೊಡ್ಡ ಚಿತ್ರ ಕಲಿತರು, ಮಿಕುಲೋವ್‌ನಲ್ಲಿ ಮುಖ ಬರೆಯುವುದು ರೂಢಿಯಾಯಿತು, ಪತ್ರಿಕೆ ಕೆಲಸದಲ್ಲಿ ಹೇಳಿದ ದಿನಕ್ಕೆ ಮುಗಿಸುವುದು ಗೊತ್ತಾಯಿತು. ಇದೆಲ್ಲ ಸೇರಿದ್ದೇ ಅವರ ಫೈಲು. ಅದು ಒಂದು ರಾತ್ರಿಯಲ್ಲಿ ತಯಾರಾದದ್ದಲ್ಲ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಅಕ್ಕನಿಗೆ ಹೇಳಿದ್ದೂ ಇದನ್ನೇ. ಹೋದ ವರ್ಷದ ಫೈಲಿನಲ್ಲಿ ಕ್ಯಾಲೆಂಡರ್ ನೋಡಿ ಬರೆದ ದೇವರು, ಸಿನಿಮಾ ನಟರೇ ಜಾಸ್ತಿ ಇದ್ದರು. ಈಗ ಅಕ್ಕ ಕಣ್ಣಾರೆ ನೋಡಿದ್ದನ್ನು ಬರೀತಾಳೆ. ಶೇಂಗಾ ಸುಲಿಯುವ ಅಜ್ಜಿಯ ಕೈ, ಬಸ್ ನಿಲ್ದಾಣ, ನೀರು ಕುಡಿಯುವ ಎಮ್ಮೆ. ಜಾತ್ರೆಗೆ ಒಂದು ಪೋಸ್ಟರ್ ಮಾಡಿ ಅಕ್ಷರಗಳನ್ನೂ ತಾನೇ ಬರೆದಿದ್ದಾಳೆ. ತುಂಬಾ ಚಿತ್ರ ಇಡುವುದಕ್ಕಿಂತ ಒಳ್ಳೆಯವನ್ನೇ ಆರಿಸಿ ಇಡಬೇಕು ಎಂದು ಮೇಷ್ಟ್ರು ಹೇಳಿದ್ದಾರೆ. ಫೈಲು ಈಗ ಅಟ್ಟದಿಂದ ಕೆಳಗೆ ಬಂದಿದೆ.

ಕೊನೆಯ ದಿನಗಳು

1918ರಲ್ಲಿ ಅವರ ದೇಶ ಸ್ವತಂತ್ರವಾಗಿ ಚೆಕೊಸ್ಲೊವಾಕಿಯಾ ಆಯಿತು. ಹೊಸ ದೇಶದ ಅಂಚೆ ಚೀಟಿ, ನೋಟುಗಳಿಗೆ ಮುಖಾ ಅವರೇ ಚಿತ್ರ ಬರೆದರು. ಸ್ಲಾವ್ ಜನರ ಚರಿತ್ರೆ ಹೇಳುವ 20 ಭಾರಿ ಚಿತ್ರಗಳನ್ನು ಬರೆದರು. ಅವುಗಳಲ್ಲಿ ದೊಡ್ಡವು 8 ಮೀಟರ್ ಅಗಲ, 6 ಮೀಟರ್ ಎತ್ತರ ಇವೆ. 1928ರಲ್ಲಿ ಅವನ್ನೆಲ್ಲ ಪ್ರಾಗ್ ನಗರಕ್ಕೆ ಕೊಟ್ಟರು. 50 ವರ್ಷದ ಹಿಂದೆ ಅವರಿಗೆ ಸೀಟು ಸಿಗದಿದ್ದದ್ದು ಅದೇ ಊರಿನಲ್ಲಿ.

1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಜರ್ಮನ್ ಪೊಲೀಸರು ಮುದುಕರಾಗಿದ್ದ ಮುಖಾ ಅವರನ್ನು ಹಿಡಿದು ವಿಚಾರಣೆ ಮಾಡಿದರು. ಬಿಟ್ಟು ಕಳಿಸಿದರೂ ಅವರು ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಜುಲೈ 14ರಂದು ತೀರಿಕೊಂಡರು. 79 ತುಂಬಲು ಇನ್ನು 10 ದಿನ ಇತ್ತು.

ಗೆಳೆಯರೇ, ನಮ್ಮಲ್ಲಿ ಯಾರಿಗಾದರೂ ಚಿತ್ರದ ಆಸೆ ಇದ್ದರೆ ಇವತ್ತಿನಿಂದಲೇ ಬರೆದದ್ದನ್ನು ತಾರೀಖು ಹಾಕಿ ಜೋಪಾನ ಮಾಡಿ. ಒಂದು ಶಾಲೆ ಬೇಡ ಅಂದರೆ ಕೈ ಬೇಡ ಅನ್ನುವುದಿಲ್ಲ.

ಇಂತಿ ನಿಮ್ಮ,
7ನೇ ತರಗತಿ