ಅಂತರ್ಜಾಲದ ಕೀಲಿ ಕಾಯ್ದ ಜಾನ್ ಪೋಸ್ಟೆಲ್

ಮಕ್ಕಳೇ, ಮುಳವಾಡ ಏತ ನೀರಾವರಿಯ ಕಾಲುವೆ ಗೇಟುಗಳನ್ನು ನೀವು ನೋಡಿರಬಹುದು. ಗೇಟಿನ ಕೀಲಿ ಯಾರ ಕೈಯಲ್ಲಿದೆ, ನೀರು ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದು ರೈತರಿಗೆ ಗೊತ್ತಿರಬೇಕಲ್ಲವೆ? ಅಂತರ್ಜಾಲಕ್ಕೂ ಅಂಥದೊಂದು ಕೀಲಿ ಇದೆ. ಬಹಳ ವರ್ಷ ಅದನ್ನು ಕಾಯ್ದವರು ಜಾನ್ ಪೋಸ್ಟೆಲ್.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಉದ್ದ ಗಡ್ಡ, ಕಾಲಲ್ಲಿ ಚಪ್ಪಲಿ. ವಿಜ್ಞಾನಿ ಎಂದರೆ ನೀವು ನಂಬುತ್ತಿರಲಿಲ್ಲವೇನೋ! 1969ರಲ್ಲಿ ಅಂತರ್ಜಾಲದ ಮೂಲವಾದ ಅರ್ಪಾನೆಟ್ ಆರಂಭವಾದಾಗ ಅವರಿನ್ನೂ ವಿದ್ಯಾರ್ಥಿ.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಮಗೋ ಹೆಸರೇ ಸುಲಭ. ಹೆಸರಿನಿಂದ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಆ ಕೆಲಸ ಒಪ್ಪಿಸಿದವರು ಪೋಸ್ಟೆಲ್. ಡಾಟ್ ಕಾಂ, ನಮ್ಮ ಡಾಟ್ ಇನ್ ಮುಂತಾದ ಕೊನೆಹೆಸರುಗಳ ಮೂಲಪಟ್ಟಿಯೇ ಆ ಕೀಲಿ. ಪಟ್ಟಿಯಿಂದ ಡಾಟ್ ಇನ್ ಬಿಟ್ಟುಹೋದರೆ ಆ ಹೆಸರಿನ ತಾಣಗಳು ಸಿಗುವುದೇ ಇಲ್ಲ.

1998ರ ಜನವರಿಯಲ್ಲಿ ಒಂದು ಘಟನೆ ನಡೆಯಿತು. ಪಟ್ಟಿಯ ನಕಲು ಇಟ್ಟುಕೊಂಡಿದ್ದ 12 ಸರ್ವರುಗಳ ಪೈಕಿ 8ರವರಿಗೆ, ಇನ್ನು ತಮ್ಮಲ್ಲಿಂದಲೇ ನಕಲು ಪಡೆಯುವಂತೆ ಪೋಸ್ಟೆಲ್ ಇ-ಮೇಲ್ ಕಳಿಸಿದರು. ಎಂಟೂ ಮಂದಿ ಒಪ್ಪಿದರು! ಅಮೆರಿಕ ಸರ್ಕಾರ ಗದರಿತು. ಅದು ಬರೀ ಪರೀಕ್ಷೆಯೆಂದು ಹೇಳಿದ ಪೋಸ್ಟೆಲ್, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಪೋಸ್ಟೆಲ್ ಪ್ರಾಮಾಣಿಕರು, ನಿಜ. ಆದರೆ ಅವರನ್ನು ಜನ ಆರಿಸಿರಲಿಲ್ಲ. ಅಮೆರಿಕ ಸರ್ಕಾರವನ್ನೂ ಜಗತ್ತಿನ ಜನ ಆರಿಸಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಐಕ್ಯಾನ್ ಸಂಸ್ಥೆ ಹುಟ್ಟಿತು. ಅದರ ಏಳಿಗೆ ನೋಡಲು ಪೋಸ್ಟೆಲ್ ಉಳಿಯಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಅಕ್ಟೋಬರ್ 16ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಮೆರಿಕ ಸರ್ಕಾರದ ಮೇಲ್ವಿಚಾರಣೆ 2016ರ ಅಕ್ಟೋಬರ್ 1ಕ್ಕೆ ಮುಗಿಯಿತು. ತಪ್ಪು ಮಾಡಿದ ಆಡಳಿತ ಮಂಡಳಿಯನ್ನು ಇಳಿಸುವ ಅಧಿಕಾರ ಬಳಕೆದಾರರ ಮತ್ತು ಸರ್ಕಾರಗಳ ಪ್ರತಿನಿಧಿಗಳೂ ಸೇರಿದ ಕೂಟಕ್ಕೆ ಬಂತು. ಮರುತಿಂಗಳೇ ಐಕ್ಯಾನ್ ಸಭೆ ಸೇರಿದ್ದು ಎಲ್ಲಿ ಗೊತ್ತೆ? ನಮ್ಮ ಪಕ್ಕದ ಹೈದರಾಬಾದಿನಲ್ಲಿ.