ರಬ್ಬರನ್ನು ಪಳಗಿಸಿದ ಗುಡ್‌ಇಯರ್

ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನಸುಕಿಗೇ ಮರದ ತೊಗಟೆ ಗೀರಿ ರಬ್ಬರು ಹಾಲು ಹಿಡಿಯುವುದನ್ನು ನಾವು ಕಾಣುತ್ತಲೇ ಇದ್ದೇವೆ. ಆ ಹಾಲು ಹೆಪ್ಪುಗಟ್ಟಿ ಒಣಗಿದ ಮಾತ್ರಕ್ಕೆ ಟಯರು ಆಗದು. ಬರಿಯ ರಬ್ಬರು ಸೆಕೆಗೆ ಅಂಟಂಟಾಗುತ್ತದೆ, ಕೊರೆಯುವ ಚಳಿಗೆ ಸೆಟೆಯುತ್ತದೆ. ಈ ದೋಷವನ್ನು ನೀಗಿದವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ರಬ್ಬರು ಒಲೆಗೆ ಬಿದ್ದ ಆಕಸ್ಮಿಕವೆಂದು ನಾವು ಅಧ್ಯಾಪಕರು ಒಂದೇ ವಾಕ್ಯದಲ್ಲಿ ಅವನ ಕತೆ ಮುಗಿಸುವುದುಂಟು. ಅದು ನ್ಯಾಯವಲ್ಲ.

1800ರ ಡಿಸೆಂಬರ್ 29ರಂದು ನ್ಯೂ ಹೇವನ್‌ನಲ್ಲಿ ಹುಟ್ಟಿದ ಈತ ರಸಾಯನ ಶಾಸ್ತ್ರ ಓದಿದವನಲ್ಲ. ಕಬ್ಬಿಣದ ಸಾಮಾನಿನ ವ್ಯಾಪಾರ ಮುಳುಗಿ, ಸಾಲಕ್ಕಾಗಿ ಜೈಲು ಕಂಡವನು. 1834ರಲ್ಲಿ ರಬ್ಬರಿನ ಹುಚ್ಚು ಹಿಡಿಯಿತು. ಜೈಲಿನಲ್ಲೂ ರಬ್ಬರು ನಾದಿದ. ಮೆಗ್ನೀಸಿಯಾ, ಸುಣ್ಣ, ನೈಟ್ರಿಕ್ ಆಮ್ಲ ಎಲ್ಲವನ್ನೂ ಪ್ರಯೋಗಿಸಿದ. ಸರಕಾರಕ್ಕೆಂದು ಮಾಡಿದ ಅಂಚೆ ಚೀಲಗಳು ಬೇಸಿಗೆಯ ಸೆಕೆಗೆ ಮುದ್ದೆಯಾದವು. ಮನೆಯ ಸಾಮಾನು ಅಡವಿಗೆ ಹೋಯಿತು; ಮಕ್ಕಳ ಪಾಠಪುಸ್ತಕಗಳನ್ನೂ ಮಾರಿದನೆನ್ನುತ್ತಾರೆ. ಪಾಠ ಹೇಳಿ ಬದುಕುವ ನಮಗೆ ಈ ಮಾತನ್ನು ಅರಗಿಸಿಕೊಳ್ಳುವುದು ಕಷ್ಟ. ಹನ್ನೆರಡು ಮಕ್ಕಳಲ್ಲಿ ಆರು ಎಳವೆಯಲ್ಲೇ ತೀರಿಹೋದವು.

ಗಂಧಕದ ಉಪಯೋಗ ತಿಳಿದದ್ದು ನಥಾನಿಯಲ್ ಹೇವರ್ಡ್ ಎಂಬಾತನಿಂದ. 1839ರಲ್ಲಿ ವೂಬರ್ನ್ ಊರಿನಲ್ಲಿ ಗಂಧಕ ಬೆರೆಸಿದ ರಬ್ಬರು ಕಾದ ಒಲೆಗೆ ತಗಲಿತು. ಅದು ಕರಗಲಿಲ್ಲ, ತೊಗಲಿನಂತೆ ಕರಿದಾಯಿತು. ಬೇರೆಯವರಾದರೆ ಕೆರೆದು ಎಸೆಯುತ್ತಿದ್ದರು. ಐದು ವರ್ಷ ಇದನ್ನೇ ಹುಡುಕುತ್ತಿದ್ದವನಿಗೆ ಅದರ ಅರ್ಥ ಹೊಳೆಯಿತು. ಆದರೂ ಎಷ್ಟು ಶಾಖ, ಎಷ್ಟು ಹೊತ್ತು ಎಂಬ ಹದ ಹಿಡಿಯಲು ಮತ್ತೆ ವರ್ಷಗಳು ಬೇಕಾದವು. ಪೇಟೆಂಟು ದೊರೆತದ್ದು 1844ರ ಜೂನ್ 15ರಂದು.

ರಬ್ಬರಿನ ಅಣುಗಳು ನೀಳವಾದ ಸರಪಳಿಗಳು. ಕಾದಾಗ ಒಂದರ ಮೇಲೊಂದು ಜಾರುತ್ತವೆ. ಶಾಖದ ನೆರವಿನಿಂದ ಗಂಧಕವು ಸರಪಳಿಯಿಂದ ಸರಪಳಿಗೆ ಅಡ್ಡಕೊಂಡಿ ಹಾಕುತ್ತದೆ. ಆಮೇಲೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ, ಕಾಯಿಸಿದರೆ ಕರಗದು. ಗಂಧಕ ಬಹಳ ಹೆಚ್ಚಾದರೆ ಎಬೊನೈಟೆಂಬ ಗಟ್ಟಿ ವಸ್ತುವಾಗುತ್ತದೆ. ನಮ್ಮಲ್ಲಿ ಬೆಳೆಯುವ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡುವ ರಾಳ ಗಟ್ಟಿಯಾಗುವುದೂ ಅಣುಗಳ ನಡುವಿನ ಅಡ್ಡಕೊಂಡಿಗಳಿಂದಲೇ. ಗುಡ್‌ಇಯರ್‌ಗೆ ಇದೊಂದೂ ತಿಳಿದಿರಲಿಲ್ಲ. ಅಣುಸರಪಳಿಗಳ ವಿಚಾರ ಸ್ಪಷ್ಟವಾದದ್ದು 1920ರ ನಂತರ.

ಇಂಗ್ಲೆಂಡಿನ ಪೇಟೆಂಟು ಥಾಮಸ್ ಹ್ಯಾನ್‌ಕಾಕ್‌ಗೆ ಸಂದಿತು. ಅಮೆರಿಕದಲ್ಲಿ 1852ರಲ್ಲಿ ಡೇನಿಯಲ್ ವೆಬ್‌ಸ್ಟರ್ ವಾದಿಸಿ ಗುಡ್‌ಇಯರ್ ಪರವಾಗಿ ತೀರ್ಪು ಬಂದರೂ ಸಾಲ ತೀರಲಿಲ್ಲ. 1855ರಲ್ಲಿ ಪ್ಯಾರಿಸಿನಲ್ಲಿ ಸಾಲಕ್ಕಾಗಿ ಜೈಲಿನಲ್ಲಿದ್ದಾಗಲೇ ಫ್ರಾನ್ಸಿನ ಗೌರವ ಪದಕ ಅವನ ಕೈಸೇರಿತು. 1860ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದಾಗ ಉಳಿದಿದ್ದ ಸಾಲ ಸುಮಾರು ಎರಡು ಲಕ್ಷ ಡಾಲರು. ಟಯರುಗಳ ಮೇಲೆ ನಾವು ಕಾಣುವ ಗುಡ್‌ಇಯರ್ ಕಂಪೆನಿ 1898ರಲ್ಲಿ ಬೇರೆಯವರು ಕಟ್ಟಿದ್ದು. ಅವನಿಂದ ಅದು ಪಡೆದದ್ದು ಹೆಸರನ್ನು ಮಾತ್ರ. ಅವನ ಕುಟುಂಬಕ್ಕೆ ಅದರಲ್ಲಿ ಪಾಲಿರಲಿಲ್ಲ.